ಕಲ್ಲುಪುಡಿಯ ಲೆಕ್ಕ

ಜಗಳೂರು ಸೀಮೆಯಲ್ಲಿ ಬೋರ್‌ವೆಲ್ ಕೊರೆಯುವುದನ್ನು ನಿಂತು ನೋಡಿದವರಿಗೆ ಪುಡಿಯ ಬಣ್ಣ ಗೊತ್ತು. ಮೊದಲು ಕೆಮ್ಮಣ್ಣು ಹಾರುತ್ತದೆ. ಮಣ್ಣು ಕುಸಿಯದಂತೆ ಕೇಸಿಂಗ್ ಪೈಪ್ ಇಳಿಸಿದ ಮೇಲೆ ಬೂದು ಪುಡಿ, ಇನ್ನೂ ಕೆಳಗೆ ಹೋದರೆ ಕಣ್ಣು ಬಿಡಲಾಗದಷ್ಟು ಬಿಳಿ ಧೂಳು. ಹೊಲದ ಯಜಮಾನ ರಿಗ್ ಲಾರಿಯ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು, ಒಂದು ಹಿಡಿ ತೆಗೆದು ಹೆಬ್ಬೆರಳಿನಿಂದ ತಿಕ್ಕಿ ನೋಡುತ್ತಾನೆ: ತೇವ ಇದೆಯೇ?

ಆ ಒಂದು ಹಿಡಿ ಪುಡಿಯನ್ನು ಭೂವಿಜ್ಞಾನದ ಶಾಖೆಗಳು ಹಂಚಿಕೊಂಡಿವೆ. ಅದು ಯಾವ ಕಲ್ಲು, ಹೇಗೆ ಹುಟ್ಟಿತು ಎನ್ನುವುದು ಶಿಲಾವಿಜ್ಞಾನ. ಬಿರುಕುಗಳಲ್ಲಿ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎನ್ನುವುದು ಅಂತರ್ಜಲ ವಿಜ್ಞಾನ. ಕೊರೆಯುವ ಮೊದಲೇ ನೆಲಕ್ಕೆ ನಾಲ್ಕು ಸರಳು ನೆಟ್ಟು, ವಿದ್ಯುತ್ ಹರಿಸಿ ತಡೆ ಎಷ್ಟೆಂದು ಅಳೆಯುವುದು ಭೂಭೌತವಿಜ್ಞಾನ. ಬಂದ ನೀರಿನಲ್ಲಿ ಏನು ಕರಗಿದೆ ಎಂದು ಹೇಳುವವರು ಭೂರಸಾಯನ ತಜ್ಞರು. ತೆಗೆದಷ್ಟು ನೀರು ಮತ್ತೆ ತುಂಬುವಂತೆ ಮಳೆಯಾಗುವುದೇ ಎನ್ನಲು ಹವಾಮಾನ ತಜ್ಞರು ಬೇಕು. ರೈತನ ಪ್ರಶ್ನೆ ಒಂದೇ. ಉತ್ತರಕ್ಕೆ ಐದು ಬಾಗಿಲು.

ಇದು ಹೀಗೆ ಹಂಚಿಹೋದದ್ದಕ್ಕೆ ಹಳೆಯ ಕಾರಣವಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ 1851ರಲ್ಲಿ ಹುಟ್ಟಿದ್ದು ಕಲ್ಲಿದ್ದಲಿಗಾಗಿ. ಹವಾಮಾನ ಇಲಾಖೆ 1875ರಲ್ಲಿ ಬೇರೆಯಾಗಿಯೇ ಬಂತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಈ ಭಾಗದ ಪುರಾತನ ಶಿಲಾಪಟ್ಟಿಗಳಿಗೆ ‘ಧಾರವಾಡ’ ಎಂಬ ಹೆಸರು ಕೊಟ್ಟಾಗಲೂ ಕಣ್ಣಿದ್ದದ್ದು ಚಿನ್ನದ ಮೇಲೆ. ಮೈಸೂರು ಸಂಸ್ಥಾನ 1894ರಲ್ಲಿ ತನ್ನದೇ ಭೂವಿಜ್ಞಾನ ಇಲಾಖೆ ತೆರೆಯಿತು. ನೀರು ಎಂಜಿನಿಯರುಗಳ ಪಾಲಾಗಿತ್ತು: ಹಿರಿಯೂರಿನ ಬಳಿ ಮಾರಿ ಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟೆ ಮುಗಿಯಿತು. ನೆಲದಡಿಯ ನೀರನ್ನು ಕೇಳುವವರು ಕಡಿಮೆ.

ಕಲ್ಲನ್ನೇ ಓದಿದವರು ಕಂಡದ್ದೂ ಸಣ್ಣದಲ್ಲ. ಗದಗದಿಂದ ಶ್ರೀರಂಗಪಟ್ಟಣದವರೆಗೆ ಚಾಚಿದ ಚಿತ್ರದುರ್ಗ ಶಿಲಾಪಟ್ಟಿಯಲ್ಲಿ ಮರಡಿಹಳ್ಳಿ ಇದೆ. ಅಲ್ಲಿ ತಲೆದಿಂಬುಗಳನ್ನು ಒಂದರ ಮೇಲೊಂದು ಒತ್ತಿ ಇಟ್ಟಂತೆ ಕಲ್ಲುಗಳು ಕಾಣುತ್ತವೆ. ಲಾವಾ ನೀರಿನೊಳಗೆ ಉಕ್ಕಿದಾಗ ಹೊರಮೈ ಥಟ್ಟನೆ ಹೆಪ್ಪುಗಟ್ಟಿ, ಒಳಗಿನದು ಇನ್ನೂ ಬಿಸಿಯಾಗಿದ್ದು ಉಬ್ಬಿ ಹೀಗಾಗುತ್ತದೆ. ಈಗಲೂ ಸಾಗರದ ತಳದಲ್ಲಿ ಹೀಗೆಯೇ ನಡೆಯುವುದನ್ನು ಕಂಡಿರುವುದರಿಂದ, ಇಲ್ಲಿ ಒಮ್ಮೆ ನೀರು ನಿಂತಿತ್ತು ಎಂದು ಧೈರ್ಯವಾಗಿ ಹೇಳಬಹುದು. ಅದಾಗಿ 250 ಕೋಟಿ ವರ್ಷ ದಾಟಿದೆ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಶಾಲೆಯ ಮಕ್ಕಳನ್ನು ಕೋಟೆಗೆ ಕರೆತರುವವರು ಇಲ್ಲಿಗೂ ಕರೆತರಬೇಕು.

ನೀರಿನ ಕಥೆ ತಿರುಗಿದ್ದು 1960ರ ದಶಕದ ಬರಗಾಲದಲ್ಲಿ. ಗಟ್ಟಿ ಕಲ್ಲನ್ನು ಕೊರೆಯುವ ಯಂತ್ರಗಳು ದೇಶಕ್ಕೆ ಬಂದವು, ಕೈಪಂಪುಗಳು ಊರೂರಿಗೆ ಹೋದವು. ಮೆಟ್ಟಿಲು ಬಾವಿಯ ನೀರು ಕುಡಿದು, ಅದರೊಂದಿಗೆ ಮೈಸೇರುವ ಹುಳದ ರೋಗವಾದ ನಾರುಹುಣ್ಣಿನಿಂದ ನರಳಿದ ಊರುಗಳಿಗೆ ಅದು ದೊಡ್ಡ ಉಪಕಾರ. 2000ದಲ್ಲಿ ಭಾರತ ಆ ರೋಗದಿಂದ ಮುಕ್ತವಾಯಿತು. ಇದನ್ನು ಮರೆತು ಬೋರ್‌ವೆಲ್ಲನ್ನು ಹಳಿಯುವುದು ನ್ಯಾಯವಲ್ಲ.

ಆಮೇಲೆ ಬಂದದ್ದು ಪಂಪ್‌ಸೆಟ್ಟು, ಅಡಿಕೆ, ಆಳದ ಪೈಪೋಟಿ. ನಮ್ಮ ಗ್ರಾನೈಟಿನಂಥ ಕಲ್ಲಿನ ಮೈಯೊಳಗೆ ನೀರು ನಿಲ್ಲುವುದಿಲ್ಲ. ಮೇಲಿನ ಶಿಥಿಲ ಪದರ ಸ್ಪಂಜಿನಂತೆ ಹಿಡಿದಿಟ್ಟುಕೊಳ್ಳುತ್ತದೆ. ಅದರ ಕೆಳಗೆ ಇರುವುದು ಬಿರುಕುಗಳು ಮಾತ್ರ, ಆಳಕ್ಕೆ ಹೋದಂತೆ ಅವೂ ವಿರಳ. ತೆರೆದ ಬಾವಿಗಳು ಮೇಲಿನ ಪದರದಲ್ಲೇ ಬದುಕಿದ್ದವು. ಅದು ಒಣಗಿದ ಮೇಲೆ ಬಿರುಕು ಹುಡುಕುತ್ತಾ ಎಂಟುನೂರು, ಸಾವಿರ ಅಡಿಗೆ ಇಳಿದೆವು. ಕಲ್ಲಿನೊಂದಿಗೆ ಬಹುಕಾಲ ಇದ್ದ ನೀರು ಅದರ ಫ್ಲೋರೈಡನ್ನು ಕರಗಿಸಿಕೊಂಡೇ ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲಿನ ಕಂದು ಕಲೆಯನ್ನು ನಾವೆಲ್ಲ ನೋಡಿದ್ದೇವೆ. ಹೀಗೆ ನೀರೆತ್ತುವುದಕ್ಕೆ ಕಡಿವಾಣ ಹಾಕುವ ರಾಜ್ಯದ ಅಂತರ್ಜಲ ಕಾಯ್ದೆ ಬಂದದ್ದು 2011ರಲ್ಲಿ.

ಎಲ್ಲಿ ಕೊರೆಯಬೇಕೆಂದು ಪಾಯಿಂಟ್ ಮಾಡುವುದು ಇಂದಿಗೂ ಹೆಚ್ಚಾಗಿ ಅಂಗೈ ಮೇಲಿನ ತೆಂಗಿನಕಾಯಿಯೇ. ಕಾಯಿ ಎದ್ದು ನಿಂತಿತು, ಅಲ್ಲಿ ನೀರಿದೆ ಎನ್ನುವ ರೈತನನ್ನು ನಾನು ಹೀಯಾಳಿಸಲಾರೆ. ಸಾಲ ಮಾಡಿದವನಿಗೆ ಒಂದು ಧೈರ್ಯ ಬೇಕು. ಆದರೆ ನೀರು ಬಿದ್ದ ಪಾಯಿಂಟು ಹತ್ತು ಊರಿಗೆ ಸುದ್ದಿಯಾಗುತ್ತದೆ, ಫೇಲಾದದ್ದು ಮನೆಯೊಳಗೇ ಉಳಿಯುತ್ತದೆ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯುವುದೇ ವಿಜ್ಞಾನದ ಮೊದಲ ಹೆಜ್ಜೆ. ಆಗ ಕಾಯಿಯನ್ನೂ ವಿದ್ಯುತ್ ತಡೆ ಅಳೆಯುವ ಯಂತ್ರವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದು. ಎಷ್ಟನೆಯ ಅಡಿಗೆ ಪುಡಿಯ ಬಣ್ಣ ಬದಲಾಯಿತು, ಎಲ್ಲಿ ತೇವ ಕಂಡಿತು, ಎಷ್ಟು ಇಂಚು ನೀರು ಬಂತು: ಒಂದು ಹಳ್ಳಿಯ ನೂರು ಬೋರ್‌ವೆಲ್‌ಗಳಿಂದ ಇಷ್ಟು ಬರೆದಿಟ್ಟರೂ ಆ ಹಳ್ಳಿಯ ನೆಲದೊಳಗಿನ ನಕ್ಷೆ ಸಿದ್ಧ. ಅದಕ್ಕೆ ತಗಲುವ ಖರ್ಚು ಒಂದು ನೋಟ್‌ಬುಕ್ಕು.

ರಿಗ್ ಲಾರಿ ಮುಂದಿನ ಹೊಲಕ್ಕೆ ಹೊರಟಿತು. ಒಣಗಿದ ಕೊಳವೆಯ ಬಾಯಿಗೆ ಯಜಮಾನ ಚಪ್ಪಡಿ ಕಲ್ಲು ಮುಚ್ಚಿದ. ಪಕ್ಕದಲ್ಲಿ ಬಿಳಿ ಪುಡಿ ಮೊಣಕಾಲೆತ್ತರ ಗುಡ್ಡೆಯಾಗಿತ್ತು, ಮಳೆ ಬರುವವರೆಗೆ ಅಲ್ಲೇ ಇರುತ್ತದೆ. ಬದುವಿನಾಚೆಯಿಂದ ಪಕ್ಕದ ಹೊಲದವನು ಕೂಗಿ ಕೇಳಿದ, ‘ಎಷ್ಟಕ್ಕೆ ಕಪ್ಪು ಕಲ್ಲು ಸಿಕ್ಕಿತು, ಅಣ್ಣಾ?’