ಪಗಾರ ಆದ ದಿನ ಯಾವ ದಾರಿಯಿಂದ ಮನೆಗೆ ಬರ್ತೀರಿ?

ಕುಡಿತ ಬಿಡಿಸುವ ಚಿಕಿತ್ಸೆ ಮುಗಿದು ಮನೆಗೆ ಹೊರಡುವಾಗ ಮನೆಯವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. 'ಸರ್, ಡ್ಯೂಟಿಗೆ ಯಾವಾಗಿಂದ ಕಳಸೋಣ?' ಕೊಪ್ಪಳದ ಮನೋವೈದ್ಯನಾದ ನಾನು ತಿರುಗಿ ಬೇರೆಯದನ್ನೇ ಕೇಳುತ್ತೇನೆ. ಡ್ಯೂಟಿ ಎಷ್ಟಕ್ಕೆ ಬಿಡುತ್ತದೆ? ಬಿಟ್ಟ ಮೇಲೆ ಯಾರ ಗಾಡಿ ಹತ್ತುತ್ತಾರೆ? ಪಗಾರ ಕೈಗೆ ಬರುತ್ತದೋ, ಖಾತೆಗೋ?

ಕೆಲಸದ ಎಂಟು ತಾಸು ಅಷ್ಟು ಅಪಾಯದ್ದಲ್ಲ. ಕೈಯಲ್ಲಿ ಕೆಲಸ ಇರುತ್ತದೆ, ಮೇಲೆ ಸೂಪರ್‌ವೈಸರ್ ಇರುತ್ತಾನೆ. ನಾನು ಹೆದರುವುದು ಪಾಳಿ ಬಿಟ್ಟು ಮನೆ ಸೇರುವ ನಡುವಿನ ಆ ಒಂದು ತಾಸಿಗೆ. ಅದರಲ್ಲೂ ತಿಂಗಳ ಏಳರಿಂದ ಹತ್ತನೇ ತಾರೀಖಿನೊಳಗೆ ಬರುವ ಪಗಾರದ ಸಂಜೆಗೆ.

ನನ್ನಲ್ಲಿಗೆ ಬರುವ ಹಲವರ ಕಥೆ ಸೇರಿಸಿ ಒಬ್ಬನನ್ನು ಹೇಳುತ್ತೇನೆ. ಗಿಣಿಗೇರಾ ಕಡೆಯ ಸ್ಪಂಜ್ ಐರನ್ ಕಾರ್ಖಾನೆಯೊಂದರಲ್ಲಿ ಫಿಟರ್ ಅಂದುಕೊಳ್ಳಿ. ಕೆಲಸಕ್ಕೆ ಮರಳಿದ ಮೇಲೆ ಮೂರು ವಾರ ಏನೂ ತೊಂದರೆ ಇಲ್ಲ. ಪಗಾರದ ದಿನ ಬೆಳಿಗ್ಗೆ ಗುಳಿಗೆ ಮರೆತ. ಮಧ್ಯಾಹ್ನ ಬುತ್ತಿ ಅರ್ಧಕ್ಕೆ ಬಿಟ್ಟ. ಎಟಿಎಮ್‌ನಿಂದ ಎರಡು ಸಾವಿರ ತೆಗೆದ, 'ಮನ್ಯಾಗ ಬೇಕಾಗ್ತಾವ' ಅಂತ. ದಿನಾ ಕಂಪನಿ ಬಸ್ಸಿಗೆ ಬರುವವನು ಅವತ್ತು ಹಳೆಯ ದೋಸ್ತನ ಬೈಕ್ ಹತ್ತಿದ. ಕ್ರಾಸಿನಲ್ಲಿ ಗಾಡಿ ನಿಂತಿತು. 'ಮಿರ್ಚಿ ಅಷ್ಟ ತಿಂದು ಹೋಗೂಣು ಬಾ.' ಮಿರ್ಚಿ ಅಂಗಡಿಯ ಮಗ್ಗುಲಲ್ಲೇ ವೈನ್ ಶಾಪ್. ರಾತ್ರಿ ಹನ್ನೊಂದಕ್ಕೆ ಇಬ್ಬರು ಅವನನ್ನು ಮನೆಗೆ ತಂದು ಬಿಟ್ಟರು.

ಕೇಳಿದರೆ 'ದೋಸ್ತರು ಎಳದ್ರು ಸರ್' ಅನ್ನುತ್ತಾನೆ. ಸುಳ್ಳಲ್ಲ. ಆದರೆ ಗ್ಲಾಸು ಕೈಗೆ ಬಂದದ್ದು ರಾತ್ರಿಯಾದರೂ ಆ ದಾರಿ ಬೆಳಿಗ್ಗೆಯೇ ಶುರುವಾಗಿತ್ತು. ಗುಳಿಗೆ, ಬುತ್ತಿ, ಎರಡು ಸಾವಿರ, ಬೈಕು: ಒಂದೊಂದೂ ತೀರಾ ಸಣ್ಣದು. ಆ ಹೊತ್ತಿಗೆ ಯಾವುದೂ ಕುಡಿತಕ್ಕೆ ಸಂಬಂಧಪಟ್ಟದ್ದು ಅನಿಸುವುದಿಲ್ಲ. ಹಾಗಾಗಿ ನಾವು ಕೂತು ಮಾತಾಡುವುದು ಇಂಥ ಸಣ್ಣ ಸಂಗತಿಗಳ ಬಗ್ಗೆಯೇ. ಪಗಾರದ ದಿನ ಕಂಪನಿ ಬಸ್ಸೇ. ಹೊಟ್ಟೆ ಖಾಲಿ ಇರಬಾರದು. ಬಸ್ ಇಳಿಯುವಲ್ಲಿ ಹೆಂಡತಿಯೋ ಮಗನೋ ನಿಂತಿರಬೇಕು, ಕಾವಲಿಗಲ್ಲ, ಜೊತೆಗೆ ಸಂತೆ ಮಾಡಲಿಕ್ಕೆ. ಕುಡಿಯಬೇಕೆಂಬ ಸೆಳೆತ ಸಾಮಾನ್ಯವಾಗಿ 15ರಿಂದ 30 ನಿಮಿಷದಲ್ಲಿ ಏರಿ ಇಳಿಯುತ್ತದೆ. ಅಷ್ಟು ಹೊತ್ತು ದಾಟಿಸಲು ಒಂದು ಚೀಲ ತರಕಾರಿ ಸಾಕಾಗುತ್ತದೆ.

ದುಡ್ಡಿನ ವಿಷಯದಲ್ಲಿ ಮನೆಯವರಿಗೊಂದು ಮಾತು. ಜೇಬು ತಡಕುವುದು, ಬಾಯಿ ಮೂಸುವುದು, ಪೂರ್ತಿ ಪಗಾರ ಕಿತ್ತುಕೊಳ್ಳುವುದು ನನಗೆ ಹಿಡಿಸುವುದಿಲ್ಲ. ದುಡಿದು ಬಂದವನಿಗೆ ಅದು ದೊಡ್ಡ ಅವಮಾನ, ಮತ್ತೆ ಕುಡಿಯಲು ಒಳ್ಳೆಯ ನೆಪ. ಇಬ್ಬರೂ ಕೂತು ಮೊದಲೇ ಒಪ್ಪಿಕೊಂಡರೆ ಅದರ ಕಥೆಯೇ ಬೇರೆ. ಅವನ ಖರ್ಚಿಗಿಷ್ಟು, ಉಳಿದದ್ದು ಆಕೆಯ ಖಾತೆಗೆ. ಈಗ ವೈನ್ ಶಾಪಿನಲ್ಲೂ ಸ್ಕ್ಯಾನರ್ ಇದೆ ಅಲ್ವಾ? ಜೇಬು ಖಾಲಿ ಇದ್ದರೆ ಆಯ್ತು ಅನ್ನುವ ಕಾಲ ಹೋಯಿತು. ಫೋನ್‌ನಲ್ಲೂ ದಿನದ ಮಿತಿ ಇಳಿಸಿಡಿ.

ನಿದ್ದೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕುಡಿತ ಬಿಟ್ಟ ಮೇಲೆ ನಿದ್ದೆ ಸರಿಯಾಗಲು ಕೆಲವು ವಾರ, ಕೆಲವರಿಗೆ ತಿಂಗಳುಗಳೇ ಬೇಕು. ಅಂಥವನಿಗೆ ಮೊದಲ ವಾರವೇ ರಾತ್ರಿ ಪಾಳಿ ಹಾಕಿದರೆ? ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ, ತಗಡಿನ ಮನೆಯಲ್ಲಿ, ಹಗಲು ಮಲಗಬೇಕು. ಆಗ ನೆನಪಾಗುವುದೇ 'ಒಂದು ನೈಂಟಿ ಹಾಕಿದ್ರ ನಿದ್ದಿ ಬರ್ತದ' ಅನ್ನುವ ಹಳೆಯ ಲೆಕ್ಕ. ಮದ್ಯ ಬೇಗ ಮಲಗಿಸುತ್ತದೆ ನಿಜ. ಆದರೆ ಅರ್ಧ ನಿದ್ದೆಯಲ್ಲಿ ಎಬ್ಬಿಸುವುದೂ ಅದೇ. ಮೊದಲ ಒಂದೆರಡು ತಿಂಗಳು ಹಗಲು ಪಾಳಿ ಕೊಡಿ ಎಂದು ನಾನು ಚೀಟಿ ಬರೆದುಕೊಡುತ್ತೇನೆ. ಎಷ್ಟೋ ಸೂಪರ್‌ವೈಸರ್‌ಗಳು ಒಪ್ಪುತ್ತಾರೆ. ನಡುಕ ತಡೆಯಲು ಕೊಟ್ಟ ಡಯಾಜೆಪಾಮ್‌ನಂಥ ಗುಳಿಗೆ ಇನ್ನೂ ನಡೆದಿದ್ದರೆ ಕ್ರೇನ್, ಕನ್ವೇಯರ್, ಟಿಪ್ಪರ್ ಹತ್ತಿರ ಹೋಗಲೇಬೇಡಿ. ಅವು ಮಂಪರು ತರುತ್ತವೆ.

ಚೀಟಿಯಲ್ಲಿ ಎಲ್ಲವನ್ನೂ ಬರೆಯಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯದ ಸಮಸ್ಯೆಯೂ ಸೇರಿದೆ. ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕು ಎಂಬ ಹಕ್ಕೂ ಅದರಲ್ಲಿದೆ. ಜೊತೆಗಾರರಿಗೆ ಎಷ್ಟು ಹೇಳಬೇಕು ಅನ್ನುವುದು ನಿಮ್ಮ ಇಷ್ಟ. 'ಬ್ಯಾಡಪಾ, ಗುಳಿಗಿ ನಡದಾವ' ಅಂದರೆ ನಮ್ಮ ಕಡೆ ಬಹುತೇಕರು ಸುಮ್ಮನಾಗುತ್ತಾರೆ. ಉದ್ದ ವಿವರಣೆ ಕೊಟ್ಟಷ್ಟೂ ಚರ್ಚೆ ಜಾಸ್ತಿ, ಚರ್ಚೆ ಮುಗಿಯುವಷ್ಟರಲ್ಲಿ ಗ್ಲಾಸ್ ಬಂದಿರುತ್ತದೆ.

'ಅಂವಗ ಮನಸ್ಸಿಲ್ರಿ, ಮನಸ್ಸು ಮಾಡಿದ್ರ ಬಿಡ್ತಾನ' ಅನ್ನುವವರಿಗೆ ನಾನು ಮಾಲೆಯ ಉದಾಹರಣೆ ಕೊಡುತ್ತೇನೆ. ಅಂಜನಾದ್ರಿಗೆ ಹನುಮ ಮಾಲೆ, ಶಬರಿಮಲೆಗೆ 41 ದಿನದ ಮಾಲೆ. ಮಾಲೆ ಹಾಕಿದಷ್ಟು ದಿನ ಒಂದು ಹನಿ ಮುಟ್ಟದವರು ಎಷ್ಟು ಜನ ಬೇಕು? ಬಿಡುವ ಮನಸ್ಸು ಅವರಿಗೆ ಇದ್ದೇ ಇದೆ. ಆದರೆ ಮಾಲೆ ಇದ್ದಾಗ ಬೆಳಗಿನ ಸ್ನಾನ, ಸಂಜೆ ಭಜನೆ, 'ಸ್ವಾಮಿ' ಎಂದು ಕರೆಯುವ ಗುಂಪು, ಎಲ್ಲ ಇರುತ್ತದೆ. ಮಾಲೆ ತೆಗೆದ ಸಂಜೆ ಒಮ್ಮೆಲೇ ಖಾಲಿ. ಆಸ್ಪತ್ರೆಯಿಂದ ಮನೆಗೆ ಹೋದ ದಿನವೂ ಹೀಗೇ ಆಗುತ್ತದೆ. ಹಾಗಾಗಿ ಸಂಜೆಯ ಭಜನೆ ಬಿಡಬೇಡಿ ಅನ್ನುತ್ತೇನೆ. ದೇವರಲ್ಲಿ ನಂಬಿಕೆ ಇಲ್ಲದವರಿಗೆ ವಾಲಿಬಾಲ್, ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಟ್ಟವರ ಬಳಗ) ಸಭೆ, ಮಕ್ಕಳ ಹೋಂವರ್ಕ್, ಏನಾದರೂ ಸರಿ, ಆ ಹೊತ್ತಿಗೆ ಒಂದು ಕೆಲಸ ಇರಲಿ. ಜನವರಿಯಲ್ಲಿ ಗವಿಮಠದ ಜಾತ್ರೆ ಬಂದರೆ ದಾಸೋಹದಲ್ಲಿ ಬಡಿಸಲು ನಿಲ್ಲಿ ಅಂತ ನಾನೇ ಕಳಿಸುತ್ತೇನೆ.

ಒಂದು ಎಚ್ಚರ. ದಿನಾ ಜಾಸ್ತಿ ಕುಡಿಯುವವರು ಮಾಲೆಗಾಗಿ ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು-ಮೂರನೇ ದಿನ ಇಲ್ಲದ್ದು ಕಂಡು ಭ್ರಮೆ ಹತ್ತಬಹುದು. ಅದನ್ನು 'ಮೈಮೇಲೆ ಬಂದದ' ಅಂತ ಊರಲ್ಲೇ ಕೂರಿಸಿಕೊಂಡು ತಡವಾಗಿ ಕರೆತರುತ್ತಾರೆ. ಮಾಲೆ ಹಾಕುವ ಮೊದಲು ವೈದ್ಯರನ್ನು ಕಾಣಿ. ಸಿ.ಎಚ್. ಪೌಡರ್ (ಮತ್ತೇರಿಸುವ ಕ್ಲೋರಲ್ ಹೈಡ್ರೇಟ್) ಬೆರೆಸಿದ ಸೇಂದಿ ಕುಡಿಯುವವರಿಗೂ ಈ ಮಾತು ಅಷ್ಟೇ ಗಟ್ಟಿಯಾಗಿ ಅನ್ವಯ.

ಗುಳಿಗೆ ಬಗ್ಗೆ ಹೇಳದೆ ಬಿಡುವಂತಿಲ್ಲ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ತಗೊಂಡವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಬಡಿದುಕೊಂಡು ಬಿ.ಪಿ. ಇಳಿಯುತ್ತದೆ. ಜೀವಕ್ಕೇ ಕುತ್ತು ಬರಬಹುದು. ಗುಳಿಗೆ ನಿಲ್ಲಿಸಿ ಎರಡು ವಾರದವರೆಗೂ ಆ ಗುಣ ಮೈಯಲ್ಲಿ ಇರುತ್ತದೆ. ಇದನ್ನೇ ಗಂಡನಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸುವ ಮನೆಗಳಿವೆ. ದಯವಿಟ್ಟು ಬೇಡ. ಹೇಳಿ, ಒಪ್ಪಿಸಿ, ಅವನ ಕೈಯಿಂದಲೇ ನುಂಗಿಸಿ. ಮದ್ಯ ಇರುವ ಕೆಮ್ಮಿನ ಸಿರಪ್ ಕೂಡ ತೊಂದರೆ ಕೊಡಬಲ್ಲದು. ಸೆಳೆತ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಬೇರೆ ಬಗೆಯವು. ಲಿವರ್, ಕಿಡ್ನಿ ಪರೀಕ್ಷೆ ನೋಡಿ ಯಾರಿಗೆ ಯಾವುದು ಎಂದು ವೈದ್ಯರು ಹೇಳುತ್ತಾರೆ.

ಇಷ್ಟೆಲ್ಲ ಮಾಡಿಯೂ ಒಂದು ಸಂಜೆ ಕುಡಿತ ಆಗಿಬಿಡಬಹುದು. ಆಗ ತಲೆಯಲ್ಲಿ ಬರುವ 'ಹೆಂಗೂ ಆತು, ಇನ್ನೇನೈತಿ' ಅನ್ನುವ ಮಾತು ಆ ಕ್ವಾರ್ಟರ್‌ಗಿಂತ ಕೆಟ್ಟದ್ದು. ನಮ್ಮ ಫಿಟರ್ ಮರುದಿನ ಫೋನ್ ಮಾಡಿದ, ಮೂರನೇ ದಿನ ಡ್ಯೂಟಿಗೆ ಹೋದ. ನಾಚಿಕೆಯಿಂದ ಮುಚ್ಚಿಟ್ಟವರು ಬರುವುದು ಎರಡು-ಮೂರು ತಿಂಗಳಾದ ಮೇಲೆ, ಕೆಲಸ ಹೋದ ನಂತರ. ನಿಮ್ಮ ವೈದ್ಯರು ಸಿಗದಿದ್ದರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಇದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ದಿನದ 24 ತಾಸೂ ಸಿಗುತ್ತದೆ. ಕುಡಿಯುವವರೇ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು.