ಕೆಂಪು ಈರುಳ್ಳಿಯ ಸಿಪ್ಪೆಯಲ್ಲಿ ಅಂಥದ್ದೇನಿದೆ?

ಪ್ರಶ್ನೆ: ಬಿಳಿ ಈರುಳ್ಳಿಗಿಂತ ಕೆಂಪು ಈರುಳ್ಳಿಗೆ ರೋಗ ಕಡಿಮೆ ಅಂತಾರೆ. ನಿಜವೇ? ಆ ಕೆಂಪು ಬಣ್ಣವೇ ಔಷಧಿಯಾ?

ಉತ್ತರ: ಒಂದು ರೋಗದ ಮಟ್ಟಿಗಂತೂ ನಿಜ. ಬಣ್ಣದ ವಿಷಯ ಮಾತ್ರ ಸ್ವಲ್ಪ ಬೇರೆ.

ಆ ರೋಗದ ಹೆಸರು ಸ್ಮಡ್ಜ್. ಬಿಳಿ ಈರುಳ್ಳಿಯ ಹೊರಸಿಪ್ಪೆಗೆ ಮಸಿ ಮೆತ್ತಿದ ಹಾಗೆ ಕಪ್ಪು ಚುಕ್ಕೆಗಳು ಬೀಳುತ್ತವೆ. ಎಷ್ಟೋ ಸಲ ಉಂಗುರದಂತೆ ಸುತ್ತುಗಟ್ಟಿರುತ್ತವೆ. ಇದು ಕೊಲೆಟೋಟ್ರೈಕಮ್ ಎಂಬ ಶಿಲೀಂಧ್ರದ ಕೆಲಸ. ಕೆಂಪು, ಹಳದಿ ಈರುಳ್ಳಿಗಳ ಹತ್ತಿರ ಇದರ ಆಟ ಅಷ್ಟಾಗಿ ನಡೆಯುವುದಿಲ್ಲ.

ಯಾಕೆ ಅಂತ ಕಂಡುಹಿಡಿದದ್ದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ. ಸಸ್ಯರೋಗ ತಜ್ಞ ಜೆ. ಸಿ. ವಾಕರ್ ಮತ್ತು ರಸಾಯನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ತಮ್ಮ ಜೊತೆಗಾರರೊಂದಿಗೆ ಬಣ್ಣದ ಈರುಳ್ಳಿಯ ಒಣಸಿಪ್ಪೆಯನ್ನು ಜಾಲಾಡಿದರು. 1929ರಲ್ಲಿ ಪ್ರೋಟೋಕ್ಯಾಟೆಚುಯಿಕ್ ಆಮ್ಲ ಸಿಕ್ಕಿತು, 1933ರಲ್ಲಿ ಕ್ಯಾಟೆಕಾಲ್. ತಮಾಷೆಯೆಂದರೆ, ಶುದ್ಧ ರೂಪದಲ್ಲಿ ಇವೆರಡಕ್ಕೂ ಬಣ್ಣವೇ ಇಲ್ಲ. ಬಣ್ಣವಿರುವ ಸಿಪ್ಪೆಯಲ್ಲಿ ಜೊತೆಗೇ ಇರುತ್ತವೆ, ಅಷ್ಟೆ. (ಮುಂದೆ ವಾರ್ಫರಿನ್ ಎಂಬ ಇಲಿಪಾಷಾಣ ಬಂದದ್ದೂ ಇದೇ ಲಿಂಕ್ ಅವರ ಪ್ರಯೋಗಾಲಯದಿಂದ. ರಕ್ತ ಹೆಪ್ಪುಗಟ್ಟದಿರಲಿ ಎಂದು ಡಾಕ್ಟರು ಬರೆದುಕೊಡುವ ಮಾತ್ರೆಯೂ ಅದೇ!)

ಇನ್ನು ಕಾವಲು ನಡೆಯುವ ರೀತಿ. ನನಗೆ ಬಹಳ ಇಷ್ಟವಾದ ಭಾಗ ಇದು. ಶಿಲೀಂಧ್ರದ ಬೀಜಕಣ ಮೊಳೆಯಬೇಕಾದರೆ ಒಂದು ಹನಿ ನೀರು ಬೇಕು. ಮಳೆಯದ್ದೋ ಹಸಿ ಮಣ್ಣಿನದ್ದೋ ನೀರು ಸಿಪ್ಪೆಯ ಮೇಲೆ ನಿಲ್ಲುತ್ತದೆ. ಈ ಎರಡು ರಾಸಾಯನಿಕಗಳೂ ನೀರಲ್ಲಿ ಕರಗುವಂಥವು. ಅದೇ ಹನಿಗೆ ಇಳಿದುಬಿಡುತ್ತವೆ. ಬೀಜಕಣ ನೀರು ಸಿಕ್ಕಿತೆಂದು ಕಣ್ಣು ಬಿಡುವ ಹೊತ್ತಿಗೆ ಆ ನೀರೇ ವಿಷವಾಗಿರುತ್ತದೆ. ಮೊಳೆಯುವುದೇ ಇಲ್ಲ. ಕೆಲವು ಒಡೆದೇ ಹೋಗುತ್ತವೆ. ಇಷ್ಟೆಲ್ಲ ಮಾಡುವ ಆ ಹೊರಸಿಪ್ಪೆಗೆ ಜೀವವೇ ಇಲ್ಲ ನೋಡಿ, ಎಂದೋ ಒಣಗಿ ಸತ್ತದ್ದು.

ಹಾಗಾದರೆ ಆ ಸಿಪ್ಪೆ ಸುಲಿದುಬಿಟ್ಟರೆ? ಕೆಂಪು ಈರುಳ್ಳಿಯೂ ರೋಗಕ್ಕೆ ಬಲಿಯಾಗುತ್ತದೆ. ಹೆಚ್ಚುವಾಗ ಕಣ್ಣೀರು ತರಿಸುವ ಗಂಧಕದ ಘಾಟು ಒಳಗಿನ ಪದರಗಳದ್ದು, ಅದರ ಕಥೆ ಬೇರೆ. ಅದರ ಕಚ್ಚಾ ವಸ್ತು ಒಂದು ಕಡೆ, ಕಿಣ್ವ ಇನ್ನೊಂದು ಕಡೆ ಇರುತ್ತವೆ. ಚಾಕು ತಗುಲಿ ಜೀವಕೋಶ ಒಡೆದಾಗ ಎರಡೂ ಸೇರಿ ಘಾಟು ಹುಟ್ಟುತ್ತದೆ.

“ನಮ್ಮನೇಲಿ ಕೆಂಪು ಈರುಳ್ಳಿಗೂ ಕಪ್ಪು ಪುಡಿ ಹಿಡಿಯುತ್ತಲ್ಲ?” ಅಂತ ನೀವು ಕೇಳಬಹುದು. ಹೌದು, ಸಿಪ್ಪೆ ಸರಿಸಿದರೆ ಕೈಗೆ ಅಂಟುವ ಆ ಮಸಿಯಂಥ ಪುಡಿ. ಅದು ಬೇರೆ ಬೂಷ್ಟು, ಆಸ್ಪರ್ಜಿಲಸ್ ನೈಜರ್. ಕ್ಯಾಟೆಕಾಲಿಗೆಲ್ಲ ಅದು ಜಗ್ಗುವುದಿಲ್ಲ. ಸೆಕೆ ಮತ್ತು ತೇವ ಎರಡೂ ಇದ್ದರೆ ಸಾಕು, ಕತ್ತಿನ ಕಡೆಯಿಂದಲೋ ಗಾಯದ ಮೂಲಕವೋ ಒಳಗೆ ನುಗ್ಗುತ್ತದೆ.

ಆದ್ದರಿಂದ ನೋಡಲು ಚೆನ್ನಾಗಿರಲಿ ಅಂತ ಸುಮ್ನೆ ಒಣಸಿಪ್ಪೆ ಉದುರಿಸಿ ಈರುಳ್ಳಿಯನ್ನು ಬುಟ್ಟಿಗೆ ತುಂಬಬೇಡಿ. ಕತ್ತು ಚೆನ್ನಾಗಿ ಒಣಗಿದ, ಪೆಟ್ಟು ಬೀಳದ ಗಡ್ಡೆಗಳನ್ನೇ ಆರಿಸಿ, ಗಾಳಿಯಾಡುವ ಕಡೆ ಹರಡಿಡಿ. ಪ್ಲಾಸ್ಟಿಕ್ ಕವರಿನಲ್ಲಂತೂ ಬೇಡವೇ ಬೇಡ.