ಬೆಳ್ಳಿ ಡಾಲರ್ ಮೇಲಿನ ಗೆರೆ: ಅಚ್ಚಿನ ಬಿರುಕೋ, ಗೀರೋ?

ಪ್ರಶ್ನೆ: ನನ್ನ ಹತ್ತಿರ ಅಮೆರಿಕದ 1921ರ ಮಾರ್ಗನ್ ಬೆಳ್ಳಿ ಡಾಲರ್ ನಾಣ್ಯ ಒಂದಿದೆ. ಅಂಚಿನಿಂದ ಹೊರಟ ಕೂದಲೆಳೆಯಂಥ ಗೆರೆಯೊಂದು ಅಕ್ಷರಗಳನ್ನು ದಾಟಿಕೊಂಡು ಹೋಗಿದೆ. ಇದು ಅಚ್ಚಿನ ಬಿರುಕೋ, ಯಾರೋ ಗೀಚಿದ್ದೋ? ಇದರಿಂದ ನಾಣ್ಯದ ಗ್ರೇಡ್ (ಸ್ಥಿತಿಯ ದರ್ಜೆ) ಇಳಿಯುತ್ತದೆಯೇ?

ಉತ್ತರ: ಮೊದಲು ಗೆರೆ ಉಬ್ಬಿದೆಯೋ ತಗ್ಗಾಗಿದೆಯೋ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಟಂಕಸಾಲೆಯಲ್ಲಿ ಉಕ್ಕಿನ ಎರಡು ಅಚ್ಚುಗಳ ನಡುವೆ ಬೆಳ್ಳಿಯ ಬಿಲ್ಲೆ ಇಟ್ಟು ಒತ್ತುತ್ತಾರೆ. ಸಾವಿರಾರು ಏಟು ತಿಂದ ಉಕ್ಕು ಎಲ್ಲೋ ಒಂದು ಕಡೆ, ಹೆಚ್ಚಾಗಿ ಅಂಚಿನಲ್ಲಿ, ಸೀಳು ಬಿಡುತ್ತದೆ. ಆಮೇಲೆ ಒತ್ತಿದ ಪ್ರತಿ ನಾಣ್ಯದಲ್ಲೂ ಬೆಳ್ಳಿ ಆ ಸೀಳಿನೊಳಗೆ ನುಗ್ಗಿ ಉಬ್ಬುಗೆರೆಯಾಗಿ ನಿಲ್ಲುತ್ತದೆ. ಗೀರು ಹಾಗಲ್ಲ. ಅದು ನಾಣ್ಯ ಹೊರಗೆ ಬಂದ ಮೇಲೆ ಬೆಳ್ಳಿಯನ್ನು ಕೊರೆದು ಆದ ತಗ್ಗು. ಕೊರೆದ ಲೋಹ ಎರಡೂ ಬದಿಯಲ್ಲಿ ಸಣ್ಣ ಬದುವಿನಂತೆ ಎದ್ದಿರುವುದೂ ಉಂಟು.

ಬರಿಗಣ್ಣಿಗೆ ಇದು ಮೋಸ ಮಾಡುತ್ತದೆ. ತಗ್ಗು ಉಬ್ಬಿದಂತೆ, ಉಬ್ಬು ತಗ್ಗಿದಂತೆ ಕಾಣುತ್ತದೆ. ಅದಕ್ಕೆ ನಾನು ಮಾಡುವುದು ಇಷ್ಟೇ: ಕೋಣೆಯ ದೀಪ ಆರಿಸಿ, ಒಂದೇ ಬಲ್ಬಿನ ಟೇಬಲ್ ಲ್ಯಾಂಪನ್ನು ಒಂದು ಪಕ್ಕಕ್ಕೆ ಇಟ್ಟು, ನಾಣ್ಯವನ್ನು ಅಂಚಿನಲ್ಲಿ ಹಿಡಿದು ಭೂತಗನ್ನಡಿಯಲ್ಲಿ ನೋಡುತ್ತೇನೆ. ಪಕ್ಕದ ಅಕ್ಷರದ ಯಾವ ಮಗ್ಗುಲು ಹೊಳೆಯುತ್ತಿದೆ, ಯಾವುದು ನೆರಳಲ್ಲಿದೆ? ಅಕ್ಷರ ಉಬ್ಬಿದ್ದೆಂದು ನಮಗೆ ಮೊದಲೇ ಗೊತ್ತು. ಗೆರೆಯ ಹೊಳಪೂ ನೆರಳೂ ಅಕ್ಷರದ್ದರಂತೆಯೇ ಬಿದ್ದರೆ ಅದೂ ಉಬ್ಬು, ಅಂದರೆ ಬಿರುಕು. ಅದಲು ಬದಲಾದರೆ ಗೀರು.

ಇನ್ನೊಂದು ಗೊಂದಲವಿದೆ. ಅಚ್ಚನ್ನು ಉಜ್ಜಿ ನಯ ಮಾಡಿದಾಗ ಉಳಿದ ಗೆರೆಗಳೂ ನಾಣ್ಯದಲ್ಲಿ ಉಬ್ಬಾಗಿಯೇ ಬರುತ್ತವೆ. ಆದರೆ ಅವು ಬಯಲಿನಲ್ಲಷ್ಟೇ, ಅಂದರೆ ಅಕ್ಷರ, ಚಿತ್ರ ಇಲ್ಲದ ಸಪಾಟು ಜಾಗದಲ್ಲಷ್ಟೇ ಇರುತ್ತವೆ, ಅಕ್ಷರದ ಬುಡಕ್ಕೆ ಬಂದು ನಿಂತುಬಿಡುತ್ತವೆ. ಅಚ್ಚಿನಲ್ಲಿ ಅಕ್ಷರ ಆಳದಲ್ಲಿರುವುದರಿಂದ ಉಜ್ಜುವ ಸಾಧನ ಅಲ್ಲಿಗೆ ಮುಟ್ಟುವುದಿಲ್ಲ. ಬಿರುಕಿಗೆ ಆ ತಡೆ ಇಲ್ಲ. ಅದು ಬಯಲು, ಅಕ್ಷರ, ನಕ್ಷತ್ರ ಎಲ್ಲವನ್ನೂ ದಾಟಿ ನದಿಯ ಹಾಗೆ ಸ್ವಲ್ಪ ಡೊಂಕಾಗಿ ಹರಿಯುತ್ತದೆ. ನಿಮ್ಮ ಗೆರೆ ಅಂಚಿನಿಂದ ಹೊರಟು ಅಕ್ಷರ ದಾಟಿದೆ ಎನ್ನುತ್ತೀರಿ. ಉಬ್ಬಾಗಿದ್ದರೆ ಅದು ಬಿರುಕೇ.

ಇನ್ನು ಗ್ರೇಡ್. ಸಣ್ಣ ಬಿರುಕಿಗಾಗಿ ಯಾರೂ ಗ್ರೇಡ್ ಇಳಿಸುವುದಿಲ್ಲ. ಬಿರುಕು ಹುಟ್ಟುಮಚ್ಚೆಯಂತೆ, ನಾಣ್ಯದ ಜೊತೆಗೇ ಬಂದದ್ದು. ನಾಣ್ಯಕ್ಕೆ ಗ್ರೇಡ್ ಕೊಡುವ, 1ರಿಂದ 70ರವರೆಗಿನ ಶೆಲ್ಡನ್ ಮಾಪನದಲ್ಲಿ ಅಳೆಯುವುದು ಮುಖ್ಯವಾಗಿ ಸವೆತ, ಏಟಿನ ಗುರುತು, ಹೊಳಪು ಮತ್ತು ಅಚ್ಚು ಎಷ್ಟು ಚೆನ್ನಾಗಿ ಮೂಡಿದೆ ಎಂಬುದನ್ನು. 60 ಮತ್ತು ಮೇಲಿನವು ಚಲಾವಣೆಯಲ್ಲಿ ಸವೆಯದ ನಾಣ್ಯಗಳು.

ಮಾರ್ಗನ್ ಡಾಲರಿನಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಮುಂಬದಿಯ ಸ್ವಾತಂತ್ರ್ಯದೇವಿಯ ಕಿವಿಯ ಮೇಲಿನ ಕೂದಲಿಗೆ, ಆಮೇಲೆ ಕೆನ್ನೆಗೆ, ಹಿಂಬದಿಯಲ್ಲಿ ಹದ್ದಿನ ಎದೆಗೆ. ಸವೆತ ಶುರುವಾಗುವುದೇ ಅಲ್ಲಿ. ಆದರೆ ಆತುರಪಡಬೇಡಿ. ನ್ಯೂ ಆರ್ಲಿಯನ್ಸ್ ಟಂಕಸಾಲೆಯ ಎಷ್ಟೋ ಡಾಲರುಗಳಲ್ಲಿ ಒತ್ತಡ ಸಾಲದೆ ಕೂದಲೂ ಎದೆಯ ಗರಿಯೂ ಹುಟ್ಟುವಾಗಲೇ ಚಪ್ಪಟೆ. ನಾಣ್ಯವನ್ನು ಓರೆಯಾಗಿಸಿ ತಿರುಗಿಸಿ. ಗಾಡಿಚಕ್ರದ ಕಡ್ಡಿಗಳಂತೆ ಸುತ್ತುವ ಹೊಳಪು ಚಪ್ಪಟೆ ಜಾಗದ ಮೇಲೂ ಹಾದುಹೋದರೆ ಅದು ಸವೆತವಲ್ಲ. ಹೊಳಪು ಅಲ್ಲಿಗೆ ಬಂದು ಮಂಕಾದರೆ ಸವೆತ. ಕೆನ್ನೆಯ ಮೇಲಿನ ಸಣ್ಣ ಗುಳಿಗಳು ಸಾವಿರ ಸಾವಿರ ಡಾಲರ್ ತುಂಬಿದ ಚೀಲಗಳಲ್ಲಿ ಒಂದಕ್ಕೊಂದು ಬಡಿದು ಆದವು. ಹೊಸ ನಾಣ್ಯಗಳಲ್ಲೂ ಅವು ಸಾಮಾನ್ಯ, ಆದರೆ ಗ್ರೇಡ್ ತಿನ್ನುವುದು ಅವೇ.

ಬೆಲೆಯ ವಿಷಯದಲ್ಲಿ ನಿರಾಸೆಯ ಮಾತೇ ಹೇಳಬೇಕು. 1921ರಲ್ಲಿ ಮೂರು ಟಂಕಸಾಲೆಗಳಲ್ಲಿ 8.6 ಕೋಟಿಗೂ ಹೆಚ್ಚು ಮಾರ್ಗನ್ ಡಾಲರ್ ಹೊಡೆದರು, ಬಿರುಕಿನ ಗೆರೆ ಅವುಗಳಲ್ಲಿ ಧಾರಾಳ. ಕೂದಲೆಳೆಯ ಬಿರುಕಿಗೆ ಹೆಚ್ಚಿಗೆ ಹಣ ಬರುವುದಿಲ್ಲ. 1888ರ ನ್ಯೂ ಆರ್ಲಿಯನ್ಸ್ ಡಾಲರಿನ ಒಂದು ಬಗೆಯಲ್ಲಿ ಬಿರುಕು ದೇವಿಯ ಮುಖವನ್ನೇ ಸೀಳಿ ಕುತ್ತಿಗೆಗೆ ಇಳಿಯುತ್ತದೆ. ಅದಕ್ಕೆ ‘ಸ್ಕಾರ್‌ಫೇಸ್’ (ಗಾಯದ ಕಲೆಯ ಮುಖ) ಎಂಬ ಹೆಸರೇ ಬಿದ್ದಿದೆ. ಅಂಥವಕ್ಕೆ ಮಾತ್ರ ಸಂಗ್ರಾಹಕರು ಮುಗಿಬೀಳುತ್ತಾರೆ.

ಹಾಗಂತ ನಿಮ್ಮ ನಾಣ್ಯ ಬರೀ 26.73 ಗ್ರಾಂ ತೂಕದ, ನೂರಕ್ಕೆ 90 ಭಾಗ ಬೆಳ್ಳಿಯ ಬಿಲ್ಲೆಯಲ್ಲ. 1918ರ ಪಿಟ್‌ಮನ್ ಕಾಯ್ದೆಯಡಿ ಅಮೆರಿಕ 27 ಕೋಟಿ ಬೆಳ್ಳಿ ಡಾಲರ್ ಕರಗಿಸಿತು. ಅದರ ಬಹುಪಾಲು ಬೆಳ್ಳಿಯನ್ನು ಬ್ರಿಟನ್ ಕೊಂಡಿದ್ದು ಭಾರತದಲ್ಲಿ ರೂಪಾಯಿ ಟಂಕಿಸುವುದಕ್ಕೆ. ಕರಗಿಸಿದ್ದನ್ನು ತುಂಬಿಕೊಡಲು 1921ರಲ್ಲಿ ಮತ್ತೆ ಡಾಲರ್ ಒತ್ತಿದರು. ನಮ್ಮ ಅಜ್ಜಿಯರು ಕುಡಿಕೆಯಲ್ಲೋ ಪೆಟ್ಟಿಗೆಯಲ್ಲೋ ಇಟ್ಟಿದ್ದ ಐದನೇ ಜಾರ್ಜ್ ರೂಪಾಯಿಗಳಲ್ಲಿ ಕೆಲವು ಒಂದು ಕಾಲಕ್ಕೆ ಡಾಲರುಗಳೇ ಆಗಿದ್ದಿರಬಹುದು ಎಂದುಕೊಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಒಂದೇ ಕೋರಿಕೆ. ಗೆರೆ ಸ್ಪಷ್ಟವಾಗಿ ಕಾಣಲಿ ಎಂದು ನಾಣ್ಯವನ್ನು ವಿಭೂತಿಯಲ್ಲೋ ಹುಣಸೆಹುಳಿಯಲ್ಲೋ ಟೂತ್‌ಪೇಸ್ಟಿನಲ್ಲೋ ಉಜ್ಜಬೇಡಿ. ಬೆಳ್ಳಿಯ ದೀಪಕ್ಕೆ ಅದು ಸರಿ. ನಾಣ್ಯದ ಮೇಲೆ ಅದು ನೂರಾರು ಸಣ್ಣ ಗೀರು ಎಳೆದು ಆ ಸುತ್ತುವ ಹೊಳಪನ್ನು ಕೊಂದುಬಿಡುತ್ತದೆ. ಗ್ರೇಡ್ ಕೊಡುವ ಸಂಸ್ಥೆಗೆ ಪರೀಕ್ಷೆಗೆ ಕಳಿಸಿದರೆ ‘ಸ್ವಚ್ಛಗೊಳಿಸಿದ ನಾಣ್ಯ’ ಎಂದು ಬರೆದು, ಗ್ರೇಡಿನ ಸಂಖ್ಯೆ ಕೊಡದೆ ವಾಪಸ್ ಕಳಿಸುತ್ತಾರೆ.